ವಿಜ್ಞಾನಿಗೆ ಸಂಬಳ ಎಷ್ಟು?

ಪ್ರಶ್ನೆ: ಮೇಡಂ, ಮಗಳು ರಾಯಚೂರಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದಾಳೆ. ವಿಜ್ಞಾನಿ ಆಗುವಾಸೆ. ಸಂಬಳ ಎಷ್ಟು ಬರುತ್ತದೆ? ಬೆಂಗಳೂರಿಗೆ ಹೋದರೇ ಜಾಸ್ತಿನಾ?
– ಒಬ್ಬ ತಂದೆ, ಸಿಂಧನೂರು

ಉತ್ತರ: ಕೇಂದ್ರ ಸರ್ಕಾರದ ಕೆಲಸವಾದರೆ ಮೂಲ ವೇತನ ಊರು ನೋಡಿ ಬದಲಾಗುವುದಿಲ್ಲ. ಇಸ್ರೋ ಆಗಲಿ, ರಕ್ಷಣಾ ಸಂಶೋಧನೆ ಮಾಡುವ ಡಿಆರ್‌ಡಿಒ ಆಗಲಿ, 7ನೇ ವೇತನ ಆಯೋಗದ ಪ್ರಕಾರ ಹೊಸ ವಿಜ್ಞಾನಿಗೆ ತಿಂಗಳಿಗೆ 56,100 ರೂಪಾಯಿ. ತುಟ್ಟಿಭತ್ಯೆಯೂ ಎಲ್ಲ ಕಡೆ ಒಂದೇ.

ವ್ಯತ್ಯಾಸ ಮಾಡುವುದು ಮುಖ್ಯವಾಗಿ ಮನೆ ಬಾಡಿಗೆ ಭತ್ಯೆ. 2024ರಿಂದ ಅದು ಬೆಂಗಳೂರಿಗೆ ಮೂಲ ವೇತನದ ಶೇ 30, ಮೈಸೂರು, ಕಲಬುರಗಿಗೆ ಶೇ 20, ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೆ ಶೇ 10. ಲೆಕ್ಕ ಹಾಕಿ: ಅಲ್ಲಿ 16,830, ಇಲ್ಲಿ 5,610. ತಿಂಗಳಿಗೆ 11,220 ರೂಪಾಯಿ ಅಂತರ. ಆದರೆ ಬೆಂಗಳೂರಿನಲ್ಲಿ ಸಾಧಾರಣ ಮನೆ ಹಿಡಿದರೂ ಆ ದುಡ್ಡು ಬಾಡಿಗೆಗೇ ಹೋಗುತ್ತದೆ, ಅಲ್ವಾ? ಹಾಗಾಗಿ ಸುಮ್ನೆ ಊರಿನ ಹೆಸರು ನೋಡಿ ಆಯ್ಕೆ ಮಾಡಬೇಡಿ.

ಖಾಸಗಿ ಕಂಪನಿಗಳ ಮಾತು ಬೇರೆ. ಅಲ್ಲಿ ಒಂದೇ ಪಟ್ಟಿ ಇಲ್ಲ. ನಾನು ಬಳ್ಳಾರಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಗಣಿ, ಉಕ್ಕಿನ ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ಅದಿರು ಪರೀಕ್ಷೆ ಮಾಡುತ್ತಾರೆ. ಆಫರ್ ಬಂದಾಗ ಕ್ವಾರ್ಟರ್ಸ್ ಕೊಡ್ತಾರಾ, ಬಸ್ ಇದೆಯಾ ಎಂದು ಮೊದಲು ಕೇಳಿ ಅಂತ ಅವರಿಗೆ ಹೇಳುತ್ತಿದ್ದೆ.

ಪಿಎಚ್‌.ಡಿ. ಖರ್ಚಿನ ಭಯವೂ ನಿಮಗಿರಬಹುದು. ಸಿಎಸ್‌ಐಆರ್‌ ನೆಟ್‌ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000, ಎರಡು ವರ್ಷದ ನಂತರ 42,000. ಎಂ.ಎಸ್ಸಿ. ಕೊನೆಯ ವರ್ಷದಲ್ಲೇ ಆ ಪರೀಕ್ಷೆ ಬರೆಯಬಹುದು. ಮಗಳಿಗೆ ಈಗಲೇ ತಯಾರಿ ಶುರು ಮಾಡಲು ಹೇಳಿ.