ಕಪಾಟಿನ ಪ್ಲೈಗೆ ರೊಕ್ಕ ಹಾಕೂದು ಎಲ್ಲಿ, ಉಳಿಸೂದು ಎಲ್ಲಿ

ಸೇಡಂ ಅಣ್ಣಾರೆ, ನಿಮ್ಮ ಪ್ರಶ್ನಿ ನಿನ್ನೆ ರಾತ್ರಿನೇ ನೋಡಿದ್ದೆ. ಮೋಟಾರ್ ರಿಪೇರಿ ಶೆಡ್ಡಿನಾಗ 8 ಅಡಿ ಗೋಡಿಗೆ ಕೆಳಗಿನ ಕಪಾಟು ಮಾಡ್ಬೇಕು, ಮ್ಯಾಲಿನ ಹಲಗಿ ಹಳೇದು ಅದ, ಒಬ್ಬ ಅಂಗಡಿಯವರು ಮರೀನ್ ಪ್ಲೈನೇ ಬೇಕಂತಾರ, ಇನ್ನೊಬ್ಬರು ಕಮರ್ಷಿಯಲ್ ಸಾಕಂತಾರ ಅಂದೀರಿ. ಕಮರ್ಷಿಯಲ್ ಸಾಕ್ರಿ. ಆದ್ರ ಪ್ರತಿ ಶೀಟಿನ ಅಂಚು ನೋಡಿ ತಗೋರಿ.

ಮರೀನ್ ಅಂದ್ರ ಐಎಸ್ 710, ಐಎಸ್ ಅಂದ್ರ ಭಾರತದ ಗುಣಮಟ್ಟದ ನಂಬರ್. ಅದರ ಅಂಟು 72 ತಾಸು ಕುದಿಸಿದ್ರೂ ಬಿಡಬಾರದು, ಅಂಥಾ ಪರೀಕ್ಷೆ ಅದಕ್ಕದ. ಅಡಿಗಿಮನಿ ಸಿಂಕಿನ ಕೆಳಗ, ಬಚ್ಚಲದ ಬಾಜೂಕ ಅದು ಬೇಕು. ನಮ್ಮ ಕಲಬುರಗಿ ಬಿಸಿಲಿನಾಗ, ನೀರು ಬೀಳದ ಶೆಡ್ಡಿಗೆ ಅಷ್ಟು ರೊಕ್ಕ ಯಾಕ ಹಾಕ್ತೀರಿ? ಕಮರ್ಷಿಯಲ್ ಅಂತಾರಲ್ಲ, ಐಎಸ್ 303ರ ಎಂಆರ್ (ತೇವ ತಡಿಯೂ) ದರ್ಜಿ, ಅದು ನಡೀತದ. ಮಳಿಗಾಲದಾಗ ತಗಡಿನಿಂದ ಹನಿ ಬೀಳೂದಿದ್ರ ಮಾತ್ರ ಅದೇ 303ರ ಬಿಡಬ್ಲ್ಯೂಆರ್ (ಕುದಿನೀರು ತಡಿಯೂ) ದರ್ಜಿ ತಗೋರಿ. ಒಂದು ಶೀಟು ಅಂದ್ರ 32 ಚದರಡಿ, ಚದರಡಿಗೆ ಹತ್ತು ರೂಪಾಯಿ ಹೆಚ್ಚಾದ್ರ ಶೀಟಿಗೆ 320 ರೂಪಾಯಿ ಹೋತು. ಸಣ್ಣ ಫರಕ್ ಅಂತ ಬಿಡಬ್ಯಾಡ್ರಿ.

ನಾನು ಮೊದಲ ಕಪಾಟು ಮಾಡಿದಾಗ ಬರೀ ರೇಟ್ ನೋಡಿ ಮೂರು ಶೀಟ್ ತಂದಿದ್ದೆ. ಮೈ ನುಣ್ಣಗ, ಕೆಂಪಗ, ನೋಡ್ಲಿಕ್ಕೆ ಭಾರಿ ಛಂದ. ಬಾಗಲಕ್ಕ ಕಬ್ಜಾ (ಹಿಂಜ್) ಕೂಡಿಸೂವಾಗ ಮ್ಯಾಲಿನ ಸ್ಕ್ರೂ ಗಟ್ಟಿ ಹಿಡೀತು, ಕೆಳಗಿಂದು ಎರಡು ಸುತ್ತಿಗೇ ಸಡಿಲಾಗಿ ಬರೀ ತಿರಗಾಕ ಹತ್ತಿತು. ಬಿಚ್ಚಿ ತೂತಿನಾಗ ಕಡ್ಡಿ ಹಾಕಿ ನೋಡಿದೆ, ಒಳಗ ಒಂದು ಬೆರಳಗಲ ಪೊಳ್ಳು. ಪದರಿನ ತುಂಡುಗಳನ್ನ ಕೂಡಿಸಿದ ಜಾಗದಾಗ ಸಂದಿ ಬಿಟ್ಟು ಒತ್ತಿದ್ರು. ಆರು ತಿಂಗಳಿಗೆ ಬಾಗಲ ಜೋತು ಬಿತ್ತು. ಅವತ್ತಿನಿಂದ ನಾನು ಮೈ ಬಣ್ಣ ನೋಡೂದು ಬಿಟ್ಟೀನಿ. ಆ ಕೆಂಪು ಎಷ್ಟೋ ಸಲ ಹಚ್ಚಿದ ಬಣ್ಣಾನೇ ಇರ್ತದ್ರಿ, ಒದ್ದಿ ಅರಿವಿಲೆ ಉಜ್ಜಿದ್ರ ಕೈಗೆ ಬರ್ತದ.

ಅಂಗಡಿಗೆ ಹೋದಾಗ ಶೀಟು ಹೊರಗ ಬೆಳಕಿಗೆ ತೆಗಿಸ್ರಿ. ನಾಕೂ ಅಂಚು ಸುತ್ತ ನೋಡ್ರಿ. ಪದರುಗಳು ಒಂದೇ ದಪ್ಪ ಇರಬೇಕು, ನಡುವ ಕರಿ ತೂತು, ಒಂದರ ಮ್ಯಾಲ ಒಂದು ಹತ್ತಿದ ಗುಬ್ಬು ಇರಬಾರದು. ಆಮ್ಯಾಲ ನಾಣ್ಯದಿಂದ ಮೈತುಂಬ ಬಡೀತಾ ಹೋಗ್ರಿ, ಪೊಳ್ಳಿದ್ದಲ್ಲಿ ಸಪ್ಪಳ ಬದಲಾಗ್ತದ. ದಪ್ಪ ಅಳಿಯೂ ವರ್ನಿಯರ್ ಕಿಸೆದಾಗ ಇರಲಿ. 18 ಎಂಎಂ ಅಂತ ಕೊಟ್ಟಿದ್ದು 16.5 ಬಂದ್ರ ಅದು 18ರ ರೇಟಿನ ಮಾಲ್ ಅಲ್ಲ. ಐಎಸ್‌ಐ ಗುರುತಿನ ಕೆಳಗ ಸಿಎಂ/ಎಲ್ ಅನ್ನೂ ಲೈಸೆನ್ಸ್ ನಂಬರ್ ಇರ್ತದ, ಬಿಐಎಸ್ ಕೇರ್ ಆ್ಯಪಿನಾಗ ಹಾಕಿದ್ರ ಯಾವ ಕಂಪನಿ, ಲೈಸೆನ್ಸ್ ಚಾಲ್ತಿ ಅದನೋ ಇಲ್ಲೋ ಅಲ್ಲೇ ಗೊತ್ತಾಗ್ತದ. ಪಾಪ್ಲರ್ ಮಾಲ್ ಹಗುರ, ನೀಲಗಿರಿಯಂಥ ಗಟ್ಟಿ ಕಟ್ಟಿಗಿದು ಭಾರ. ಮೋಟಾರ್, ಬೇರಿಂಗ್ ಇಡೋರಿಗೆ ಭಾರದ್ದೇ ಛಲೋ, ಸ್ಕ್ರೂನೂ ಗಟ್ಟಿ ಹಿಡೀತದ.

ಈಗ ಖರೆ ಉಳಿತಾಯ ಕೊಯ್ಯೂದ್ರಾಗ ಅದ. ಶೀಟು 2440ಕ್ಕ 1220 ಎಂಎಂ. ಮಿಸ್ತ್ರಿಗೆ ‘ಎರಡಡಿ ಪಟ್ಟಿ’ ಅನ್ನಬ್ಯಾಡ್ರಿ, 600 ಎಂಎಂ ಅಂತ ಬರಕೊಡ್ರಿ. ಕರಗಸದ ಹಲ್ಲು 3 ಎಂಎಂ ತಿಂತದ, ಅಡಿ ಲೆಕ್ಕದಾಗ ಎರಡನೇ ಪಟ್ಟಿ ಕಮ್ಮಿ ಬೀಳ್ತದ. 600ರ ಎರಡು ಪಟ್ಟಿ, ಒಂದೊಂದರಾಗ 800ರ ಮೂರು ತುಂಡು, ಶೀಟಿಗೆ ಆರು. ನಿಮ್ಮ ಗೋಡಿಗೆ 800 ಅಗಲದ ಮೂರು ಡಬ್ಬಿ ಕೂಡ್ತಾವ. ಡಬ್ಬಿಗೆ ಎರಡು ಬಾಜೂ, ಒಂದು ತಳ, ಒಂದು ನಡುಹಲಗಿ, ಒಟ್ಟು 12 ತುಂಡು, ಎರಡೇ ಶೀಟು. ತಳ, ನಡುಹಲಗಿ ಎರಡು ಬಾಜೂಗಳ ನಡುವ ಕೂಡಬೇಕು, 800ರಾಗ 18 ಎಂಎಂ ದಪ್ಪದ ಎರಡು ಬಾಜೂ ಕಳದು ಅವನ್ನ 764ಕ್ಕ ಇಳಿಸ್ರಿ. ಹಲಗಿಯ ನಾರಿನ ಗೆರಿ ಉದ್ದಕ್ಕ ಬರೂಹಂಗ ನೋಡ್ಕೋರಿ, ಅಡ್ಡ ಬಂದ್ರ ಭಾರಕ್ಕ ಬಗ್ತದ. ಬಾಗಲಕ್ಕ ಪ್ಲೈ ಬ್ಯಾಡ, ನಡುವ ಕಟ್ಟಿಗಿ ಪಟ್ಟಿ ಕೂಡಿಸಿ ಮಾಡಿದ ಬ್ಲಾಕ್ ಬೋರ್ಡ್ ಒಂದು ಶೀಟು ತಗೋರಿ, ಅದು ಸೊಟ್ಟಾಗೂದು ಕಮ್ಮಿ. 800ಕ್ಕ 400ರಂಗ ಒಂಬತ್ತು ತುಂಡು ಬರ್ತಾವ, ಆರು ಬಾಗಲಕ್ಕ, ಉಳಿದವನ್ನ ಸೀಳಿ ಮ್ಯಾಲಿನ ಅಡ್ಡಪಟ್ಟಿ ಮಾಡ್ರಿ. ಹಿಂದಿನ ಬೆನ್ನಿಗೆ 6 ಎಂಎಂ ಒಂದು ಶೀಟು. ನಾಕು ಶೀಟಿನಾಗ ಕೆಲಸ ಮುಗೀತು.

ಕಪಾಟು ನೆಲಕ್ಕ ಹತ್ತಬಾರದು. ನಮ್ಮ ಕರಿ ಮಣ್ಣಿನಾಗ ಗೆದ್ದಲು ಬಿಡಂಗಿಲ್ಲ. ಶಹಾಬಾದ್ ಕಲ್ಲಿನ ಒಡಕು ತುಂಡು ಮೂರ್ನಾಕು ಒಂದರ ಮ್ಯಾಲ ಒಂದು ಇಟ್ಟು, ಮೂರು ಇಂಚು ಎತ್ತರಿಸ್ರಿ. ಗೋಡಿಗೂ ಒಂದು ಬೆರಳು ಸಂದಿ ಬಿಡ್ರಿ. ಕಲ್ಲಿನ ಮ್ಯಾಲ ಮಣ್ಣಿನ ಗೆರಿ ಏರಿದ್ರ ಅಲ್ಲೇ ಕಾಣ್ತದ, ಕಂಡ ಕೂಡ್ಲೇ ಒಡೀಬೇಕು, ಔಷಧ ಹೊಡೀಬೇಕು. ಸನ್‌ಮೈಕಾ ಖರ್ಚು ಬ್ಯಾಡಂದ್ರ ಪ್ರೈಮರ್, ಆಯಿಲ್ ಪೇಂಟ್ ಸಾಕು, ಆದ್ರ ಎರಡೂ ಮೈಗೆ, ಅಂಚಿಗೂ ಹಚ್ರಿ. ಒಂದೇ ಬಾಜೂಕ ಹಚ್ಚಿದ್ರ ಹಲಗಿ ಬಿಲ್ಲಿನಂಗ ಬಾಗ್ತದ.

ಶೀಟ್ ತರೂಕಿಂತ ಮೊದಲ ಗೋಡಿ ಅಳತಿ ಮೂರು ಕಡಿ ಹಿಡೀರಿ, ಬುಡಕ್ಕ, ನಡುವ, ಮ್ಯಾಲ. ಕಲ್ಲಿನ ಗೋಡಿ ಒಂದೇ ನೇರಕ್ಕ ಇರಂಗಿಲ್ಲ. ಎಲ್ಲೇ ಆಗಲಿ 2400ಕ್ಕ ಕಮ್ಮಿ ಬಂದ್ರ ಇಲ್ಲೇ ಹಾಕ್ರಿ, ಕೊಯ್ಯೂ ಲೆಕ್ಕ ಹೊಸದಾಗಿ ಮಾಡಿಕೊಡ್ತೀನಿ.