ಹೊಸ ಲ್ಯಾಪ್‌ಟಾಪ್: ಕೈಗೆ ಬರುವ ಮುಂಚೆ, ಬಂದ ಮೊದಲ ವಾರ

ಈ ಸಲ ತೆಗೆದುಕೊಂಡ ಪ್ರಶ್ನೆಗಳೆಲ್ಲ ಆರ್ಡರ್ ಮಾಡಿ ಕಾಯುತ್ತಿರುವವರದು, ಇಲ್ಲವೇ ಡಬ್ಬ ಒಡೆದು ಇನ್ನೂ ವಾರ ಕಳೆಯದವರದು.

ಪ್ರಶ್ನೆ: ಕಂಪನಿಯ ವೆಬ್‌ಸೈಟಿನಲ್ಲೇ ರ‍್ಯಾಮ್, ಎಸ್‌ಎಸ್‌ಡಿ, ಸ್ಕ್ರೀನ್ ಎಲ್ಲ ಬೇಕಾದಂತೆ ಆರಿಸಿ ಆರ್ಡರ್ ಮಾಡಿದೆ. ದುಡ್ಡು ಕಟ್ಟಿ 12 ದಿನ ಆಯಿತು. ನಾಲ್ಕು ದಿನದಿಂದ ‘ಶಿಪ್‌ಮೆಂಟ್ ಕ್ರಿಯೇಟೆಡ್’ ಅಂತಲೇ ತೋರಿಸುತ್ತಿದೆ. ಕ್ಯಾನ್ಸಲ್ ಮಾಡಿ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲೇ ತೊಗೊಂಡುಬಿಡಲಾ?
— ಓದುಗರು, ರಾಜಾಜಿನಗರ

ಉತ್ತರ: ‘ಶಿಪ್‌ಮೆಂಟ್ ಕ್ರಿಯೇಟೆಡ್’ ಅಂದಮಾತ್ರಕ್ಕೆ ಮಾಲು ಹೊರಟಿದೆ ಅಂತಲ್ಲ. ಕೊರಿಯರ್‌ನವರ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಲೇಬಲ್ ತಯಾರಾಗಿದೆ, ಅಷ್ಟೇ. ‘ಪಿಕ್ಡ್ ಅಪ್’ ಅಂತ ಬಂದ ದಿನದಿಂದ ಲೆಕ್ಕ ಹಾಕಿ. ರೆಡಿ ಸ್ಟಾಕ್ ಮಾಡೆಲ್ ಆಗಿದ್ದರೆ ಊರ ಹೊರಗಿನ ಗೋದಾಮಿನಿಂದ ಒಂದೆರಡು ದಿನದಲ್ಲಿ ಮನೆಗೆ ಬಂದಿರುತ್ತಿತ್ತು. ಆರಿಸಿ ಮಾಡಿಸಿದ್ದು ಹಾಗಲ್ಲ, ಅದರ ಜೋಡಣೆ ಶುರುವಾಗುವುದೇ ದುಡ್ಡು ಸಂದಾಯವಾದ ಮೇಲೆ. ಕೆಲವು ಕಂಪನಿಗಳು ಇಲ್ಲೇ ಜೋಡಿಸುತ್ತವೆ: ಡೆಲ್‌ನದು ಶ್ರೀಪೆರಂಬದೂರಿನಲ್ಲಿ, ಲೆನೊವೊದು ಪುದುಚೇರಿಯಲ್ಲಿ. ಆದರೆ ಆ ಕಂಪನಿಗಳ ಎಲ್ಲ ಮಾಡೆಲ್‌ಗಳೂ ಇಲ್ಲಿ ಆಗುವುದಿಲ್ಲ. ಚೀನಾದಿಂದ ನೇರವಾಗಿ ಬರುವುದಾದರೆ ನಡುವೆ ಕಸ್ಟಮ್ಸ್ ಬೇರೆ ಇರುತ್ತದೆ.

ಹಣ ಕಟ್ಟಿದ ದಿನ ಬಂದ ಇಮೇಲ್ ತೆಗೆದು, ಅದರಲ್ಲಿ ಕೊಟ್ಟ ತಾರೀಖು ನೋಡಿ. ಅಲ್ಲಿಯವರೆಗೆ ಸುಮ್ಮನಿರಿ. ಅದು ದಾಟಿದರೆ ಫೋನ್ ಮಾಡಿ ‘ಯಾವಾಗ ಬರುತ್ತೆ’ ಅನ್ನಬೇಡಿ. ‘ಯಾವ ಪಾರ್ಟ್‌ಗೆ ಕಾಯ್ತಿದ್ದೀರಿ’ ಅಂತ ಕೇಳಿ. ಸ್ಕ್ರೀನ್ ಪ್ಯಾನೆಲ್ ಸಿಗದೆ ನಿಂತಿದ್ದರೆ, ಬೇರೆ ಪ್ಯಾನೆಲ್ ಆದೀತು ಎಂದು ಒಪ್ಪಿದರೆ ನಿಂತ ಆರ್ಡರ್ ಮತ್ತೆ ಸಾಗಬಹುದು. ಎಸ್‌ಪಿ ರೋಡಿನಲ್ಲಿ ಕೊಳ್ಳುವುದು ತಪ್ಪಲ್ಲ. ಆದರೆ ಸೀರೀಸ್ ಹೆಸರು ಒಂದೇ ಎಂದು ಮೋಸಹೋಗಬೇಡಿ, ಕೊನೆಯ ಅಕ್ಷರ–ಅಂಕಿಗಳವರೆಗೆ ಪೂರ್ತಿ ಮಾಡೆಲ್ ನಂಬರ್ ಹೋಲಿಸಿ. ಒಂದೇ ಹೆಸರಿನಲ್ಲಿ ಮಂಕು ಸ್ಕ್ರೀನಿನದೂ ಇರುತ್ತದೆ, ಒಳ್ಳೆಯದೂ ಇರುತ್ತದೆ. ಬೆಲೆಯ ವ್ಯತ್ಯಾಸ ಬಹಳ ಸಲ ಅಲ್ಲೇ ಅಡಗಿರುತ್ತದೆ. ಕ್ಯಾನ್ಸಲ್ ಮಾಡಿದಿರಿ ಅಂತಿಟ್ಟುಕೊಳ್ಳಿ, ಕಾರ್ಡ್ ಇಎಂಐ ಹಾಕಿಸಿದ್ದರೆ ಅದೂ ನಿಂತಿದೆಯಾ ಎಂದು ಬ್ಯಾಂಕಿನಲ್ಲಿ ಬೇರೆಯಾಗಿ ಕೇಳಿ.

ಕಾಯುವಾಗ ಮಾಡಬಹುದಾದ ಕೆಲಸ ಒಂದಿದೆ. ಆರ್ಡರ್‌ನಲ್ಲಿರುವ ಪಿನ್‌ಕೋಡ್ ಮತ್ತೊಮ್ಮೆ ನೋಡಿ. ನಮ್ಮೂರಿನಲ್ಲಿ ಅದೇ ಮೇನು, ಅದೇ ಕ್ರಾಸು ಹತ್ತು ಬಡಾವಣೆಯಲ್ಲಿವೆ. ಪಾರ್ಸೆಲ್ ಕೊರಿಯರ್‌ನವರ ಯಾವ ವಿಂಗಡಣೆ ಕೇಂದ್ರಕ್ಕೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದು ಪಿನ್. ನಿಮ್ಮ 560010ರಲ್ಲಿ ಒಂದು ಸೊನ್ನೆ ಆಚೀಚೆಯಾಗಿ 560100 ಆಯಿತೆಂದರೆ ಅದು ಎಲೆಕ್ಟ್ರಾನಿಕ್ ಸಿಟಿ. ವ್ಯಾಪಾರಕ್ಕೆ ಕೊಳ್ಳುತ್ತಿದ್ದರೆ ಜಿಎಸ್‌ಟಿ ನಂಬರ್ ಸೇರಿದೆಯಾ ನೋಡಿಕೊಳ್ಳಿ. ಶೇ 18 ತೆರಿಗೆಯ ಕ್ರೆಡಿಟ್ ಅದರ ಮೇಲೆ ನಿಂತಿದೆ, ಬಿಲ್ ಆದಮೇಲೆ ತಿದ್ದಿಸುವುದು ದೊಡ್ಡ ರಗಳೆ. ‘ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ ಸ್ವಲ್ಪ ಹಣ ಕಟ್ಟಿ’ ಎಂಬ ಎಸ್ಸೆಮ್ಮೆಸ್ ಬಂದರೆ ಅದು ವಂಚನೆ. ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ಡೆಲಿವರಿ ಹುಡುಗ ಮೊದಲು ಒಟಿಪಿ ಕೊಡಿ ಅಂತಾನೆ. ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿಯವರೇ ಪಾರ್ಸೆಲ್ ಇಸಿದುಕೊಂಡು ಇಡುತ್ತಾರೆ. ಲ್ಯಾಪ್‌ಟಾಪ್ ಹಾಗೆ ತೆಗೆದುಕೊಳ್ಳಬಹುದಾ? ಏನೇನು ನೋಡಬೇಕು?
— ಓದುಗರು, ಯಲಹಂಕ

ಉತ್ತರ: ಒಟಿಪಿ ಅಂದರೆ ನಿಮ್ಮ ಸಹಿ. ಗೇಟಿನಲ್ಲಿ ಬೇರೆಯವರು ಇಸಿದುಕೊಳ್ಳಲು ಬಿಡಬೇಡಿ. ಆ ದಿನ ಮನೆಯಲ್ಲಿ ಒಬ್ಬರು ಇರುವಂತೆ ನೋಡಿಕೊಳ್ಳಿ. ‘ಓಪನ್ ಬಾಕ್ಸ್ ಡೆಲಿವರಿ’ ಅಂತ ಆರ್ಡರ್‌ನಲ್ಲಿ ಬರೆದಿದ್ದರೆ ಅವರೇ ಡಬ್ಬ ಬಿಚ್ಚಿ ತೋರಿಸಬೇಕು, ಒಟಿಪಿ ಆಮೇಲೆ. ಹಾಗೆ ಬರೆದಿಲ್ಲವಾದರೆ ಹುಡುಗನ ಜತೆ ಜಗಳ ಬೇಡ, ಅವನ ಕೈಯಲ್ಲೇನೂ ಇಲ್ಲ. ಹೊರಡಬ್ಬ ನಜ್ಜಿದೆಯಾ, ಟೇಪಿನ ಮೇಲೆ ಟೇಪು ಹಾಕಿದ್ದಾರಾ ನೋಡಿ, ಅನುಮಾನ ಬಂದರೆ ಫೋಟೊ ತೆಗೆದು ವಾಪಸ್ ಕಳಿಸಿ.

ವಿಡಿಯೊ ಮಾಡಿಕೊಳ್ಳಲೇಬೇಕು. ಹೊರಗಿನ ಲೇಬಲ್‌ನಿಂದ ಶುರುವಾಗಿ, ಟೇಪು ಕತ್ತರಿಸಿ, ಒಳಡಬ್ಬದ ಸೀರಿಯಲ್ ನಂಬರ್, ಕೊನೆಗೆ ಲ್ಯಾಪ್‌ಟಾಪ್ ಬೆನ್ನಿನ ಸೀರಿಯಲ್ ನಂಬರ್ ಓದುವಂತೆ ಕಾಣುವ ತನಕ ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿರಲಿ. ನಡುವೆ ಒಂದು ಕಡೆ ಕಟ್ ಆದರೂ ಮಾರಾಟಗಾರರು ಅದನ್ನೇ ಹಿಡಿದುಕೊಳ್ಳುತ್ತಾರೆ. ಡಬ್ಬ, ಬಿಲ್, ಬೆನ್ನು ಮೂರರಲ್ಲೂ ನಂಬರ್ ಒಂದೇ ಇರಬೇಕು. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜತೆ ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಅಂತ ಗೊತ್ತಾಗುತ್ತದೆ. ಅಡಾಪ್ಟರ್‌ನಲ್ಲಿ ‘20 ವೋಲ್ಟ್, 3.25 ಆಂಪಿಯರ್’ ಎಂದಿದ್ದರೆ ಗುಣಿಸಿ, 65 ವ್ಯಾಟ್. ಆರ್ಡರ್‌ನಲ್ಲಿ ಅದಕ್ಕಿಂತ ಹೆಚ್ಚು ಬರೆದಿದ್ದರೆ ತಪ್ಪು ಅಡಾಪ್ಟರ್ ಬಂದಿದೆ.

ಬಟನ್ ಒತ್ತಿದರೆ ಆನ್ ಆಗದಿದ್ದರೆ ಗಾಬರಿ ಬೇಡ. ಬಹಳ ಕಂಪನಿಗಳು ಬ್ಯಾಟರಿಯನ್ನು ಸಾಗಣೆಯ ಸ್ಥಿತಿಯಲ್ಲಿ ಮಲಗಿಸಿ ಕಳಿಸುತ್ತವೆ. ಒಮ್ಮೆ ಚಾರ್ಜರ್ ಚುಚ್ಚಿದರೆ ಏಳುತ್ತದೆ.

ಆನ್ ಆದಮೇಲೆ ಬ್ಯಾಟರಿ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’, ಒಂದು ಸ್ಪೇಸ್, ಓರೆಗೆರೆ, ‘ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದು ಫೈಲ್ ತಯಾರಾಗುತ್ತದೆ, ಅದು ಎಲ್ಲಿದೆ ಎಂದೂ ಅಲ್ಲೇ ತೋರಿಸುತ್ತದೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪಾಸಿಟಿ’ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡನೆಯದು ಶೇ 85ಕ್ಕೆ ಇಳಿದು, ಸೈಕಲ್ ಕೌಂಟ್ (ಬ್ಯಾಟರಿ ಎಷ್ಟು ಸಲ ತುಂಬಿ ಖಾಲಿಯಾಗಿದೆ ಎಂಬ ಲೆಕ್ಕ) ನಲವತ್ತು ಐವತ್ತು ತೋರಿಸಿದರೆ ಅದು ಯಾರೋ ಬಳಸಿ ಹಿಂತಿರುಗಿಸಿದ್ದು, ಇಲ್ಲವೇ ಶೋರೂಮಿನಲ್ಲಿ ಆನ್ ಮಾಡಿಟ್ಟಿದ್ದು. ಅದೇ ಅನುಮಾನಕ್ಕೆ ಇನ್ನೊಂದು ಸಾಕ್ಷಿ ಎಸ್‌ಎಸ್‌ಡಿ: ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ‘ಪವರ್ ಆನ್ ಅವರ್ಸ್’ ನೂರಾರು ಗಂಟೆ ಇದ್ದರೆ ಹೊಸದಲ್ಲ. ಆಮೇಲೆ ಕಂಪನಿಯ ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಶುರುವಾದ ತಾರೀಖು ನೋಡಿ. ಬರೀ ಕೆಲವು ದಿನ ಹಿಂದಿನದಾದರೆ ಸಾಗಣೆಯ ದಿನದಿಂದ ಎಣಿಸಿದ್ದಾರೆ, ಬಿಲ್ ಕಳಿಸಿದರೆ ಸರಿಮಾಡುತ್ತಾರೆ. ತಿಂಗಳುಗಟ್ಟಲೆ ಹಿಂದಿನದಾದರೆ ಮಾರಾಟಗಾರರನ್ನು ಕೇಳಿ.

ಇದೆಲ್ಲ ಬದಲಾವಣೆಯ ಅವಧಿಯೊಳಗೆ ಮುಗಿಯಬೇಕು, ಅದು ಹೆಚ್ಚಾಗಿ ಏಳರಿಂದ ಹತ್ತು ದಿನ. ಅಲ್ಲಿಯವರೆಗೆ ಸ್ಟಿಕ್ಕರ್, ಸ್ಕ್ರೀನ್‌ಗಾರ್ಡ್ ಏನೂ ಅಂಟಿಸಬೇಡಿ, ಡಬ್ಬ, ಥರ್ಮೊಕೋಲು ಎಸೆಯಬೇಡಿ. ಮಾರಾಟಗಾರರು ಕಿವಿಗೊಡದಿದ್ದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅದಾದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಗ್ರಾಹಕ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಮಾರಾಟಗಾರ ದೆಹಲಿಯಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ.

ಪ್ರಶ್ನೆ: 512 ಜಿಬಿ ಎಂದು ಕೊಟ್ಟಿದ್ದರಲ್ಲಿ 476 ಮಾತ್ರ ಕಾಣುತ್ತಿದೆ. 16 ಜಿಬಿ ರ‍್ಯಾಮಿನಲ್ಲೂ ‘15.7 ಯೂಸಬಲ್’ ಅನ್ನುತ್ತೆ. ಸುಮ್ಮನೆ ಇಟ್ಟರೂ ಫ್ಯಾನ್ ಕೂಗುತ್ತೆ. ಮೋಸ ಆಯಿತಾ?
— ವಿದ್ಯಾರ್ಥಿ, ವಿಜಯನಗರ

ಉತ್ತರ: ಇಲ್ಲ. ಕಂಪನಿ ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. 512 ಆಗ 476 ಆಗುತ್ತದೆ, 1 ಟಿಬಿ 931 ಆಗುತ್ತದೆ. ರ‍್ಯಾಮಿನಲ್ಲಿ ಕಡಿಮೆಯಾದ ಭಾಗವನ್ನು ಒಳಗಿನ ಗ್ರಾಫಿಕ್ಸ್ ಮತ್ತಿತರ ಹಾರ್ಡ್‌ವೇರ್‌ಗೆ ಕಾದಿರಿಸಲಾಗಿದೆ. ಇದಕ್ಕಿಂತ ಮುಖ್ಯವಾಗಿ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯಲ್ಲಿ ‘ಸ್ಲಾಟ್ಸ್ ಯೂಸ್ಡ್’ ನೋಡಿ. ಎರಡು 8 ಜಿಬಿ ಎಂದು ಆರ್ಡರ್ ಮಾಡಿ ಒಂದೇ 16 ಬಂದಿದ್ದರೆ ಒಳಗಿನ ಗ್ರಾಫಿಕ್ಸ್‌ನ ವೇಗ ಕಣ್ಣಿಗೆ ಕಾಣುವಷ್ಟು ಕಡಿಮೆ. ಫ್ಯಾನ್ ಮೊದಲ ದಿನ ಕೂಗುವುದು ಸಹಜ, ಅಪ್‌ಡೇಟು, ವೈರಸ್ ಸ್ಕ್ಯಾನು, ಫೈಲುಗಳ ಪಟ್ಟಿ ಮಾಡುವುದು ಎಲ್ಲ ಒಟ್ಟಿಗೆ ನಡೆದಿರುತ್ತದೆ. ಚಾರ್ಜರ್ ಹಾಕಿ ರಾತ್ರಿ ಬಿಡಿ. ಮೂರನೇ ದಿನವೂ ಖಾಲಿ ಕೂತಾಗ ಕೂಗಿದರೆ ದೂರು ಕೊಡಿ.

ಒಂದು ಮಾತು, ನೀವು ಕೇಳದಿದ್ದರೂ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿ ಬೀಳುತ್ತದೆ. ಬಯಾಸ್ (ಕಂಪ್ಯೂಟರನ್ನು ಶುರು ಮಾಡಿಸುವ ಒಳತಂತ್ರಾಂಶ) ಅಪ್‌ಡೇಟ್ ಆದಾಗಲೋ ಮದರ್‌ಬೋರ್ಡ್ ಬದಲಾಯಿಸಿದಾಗಲೋ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳುತ್ತದೆ. ಅದು ನಿಮ್ಮ ಖಾತೆಯಲ್ಲಿ ಉಳಿದಿರುತ್ತದೆ. ಇವತ್ತೇ ತೆಗೆದು ಕಾಗದದಲ್ಲಿ ಬರೆದಿಡಿ. ಅಂಗಡಿಯವರು ತಮ್ಮದೇ ಖಾತೆ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವರ ಹತ್ತಿರ ಇರುತ್ತದೆ. ಅಂಥದ್ದನ್ನು ರೀಸೆಟ್ ಮಾಡಿ ನಿಮ್ಮ ಖಾತೆಯಿಂದಲೇ ಮೊದಲಿನಿಂದ ಶುರು ಮಾಡಿ.

ಪ್ರಶ್ನೆ: ಲೋಹದ ಮೈಯ ಲ್ಯಾಪ್‌ಟಾಪ್. ಚಾರ್ಜಿಗೆ ಹಾಕಿ ಮೇಲೆ ಬೆರಳು ಸವರಿದರೆ ಜುಮ್ ಅನ್ನುತ್ತೆ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತೆ. ನಮ್ಮದು ಹಳೇ ಮನೆ. ವಾಪಸ್ ಕೊಡಬೇಕಾ?
— ಓದುಗರು, ಬಸವನಗುಡಿ

ಉತ್ತರ: ಮೊದಲು ಪ್ಲಗ್ ನೋಡಿ, ಲ್ಯಾಪ್‌ಟಾಪ್ ಆಮೇಲೆ. ಅಡಾಪ್ಟರಿನೊಳಗೆ ವಿದ್ಯುತ್ ಗದ್ದಲ ತಡೆಯಲು 230 ವೋಲ್ಟಿನ ಕಡೆಯಿಂದ ಲ್ಯಾಪ್‌ಟಾಪ್ ಕಡೆಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದಕ್ಕೆ ವೈ ಕೆಪಾಸಿಟರ್ ಎನ್ನುತ್ತಾರೆ. ಅದರ ಮೂಲಕ ಅತ್ಯಲ್ಪ ಕರೆಂಟ್ ಯಾವಾಗಲೂ ಸೋರುತ್ತದೆ. ಎರಡು ಪಿನ್ನಿನ ಅಡಾಪ್ಟರಿಗೆ ಸುರಕ್ಷತಾ ಮಾನದಂಡ ಒಪ್ಪುವ ಮಿತಿ 0.25 ಮಿಲಿಆಂಪಿಯರ್, ಜೀವಕ್ಕೆ ಅಪಾಯವಿಲ್ಲ. ಅರ್ಥ್ ಇದ್ದರೆ ಅದು ನೆಲಕ್ಕೆ ಹರಿದುಹೋಗುತ್ತದೆ. ಇಲ್ಲದಿದ್ದರೆ ಲೋಹದ ಮೈಯ ಮೇಲೇ ನಿಂತು, ನಿಮ್ಮ ಬೆರಳಿನ ಮೂಲಕ ದಾರಿ ಹುಡುಕುತ್ತದೆ. ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲಿದ್ದರೆ ಜುಮ್ಮೆನ್ನುವುದು ಜಾಸ್ತಿ, ಮಂಚದ ಮೇಲೆ ಕೂತರೆ ಗೊತ್ತೇ ಆಗುವುದಿಲ್ಲ. ಟೆಸ್ಟರ್ ಉರಿಯುವುದಕ್ಕೂ ಇಷ್ಟು ಕರೆಂಟ್ ಧಾರಾಳ ಸಾಕು, ಹಾಗಾಗಿ ಅದರಿಂದ ದೋಷ ಇದೆ ಅಂತಾಗಲಿ ಇಲ್ಲ ಅಂತಾಗಲಿ ಹೇಳಲಾಗದು.

ಅಡಾಪ್ಟರ್ ಇಟ್ಟಿಗೆಯ ತುದಿಯಲ್ಲಿ ವೈರ್ ಚುಚ್ಚುವ ಕಿಂಡಿ ನೋಡಿ. ಮೂರು ಪಿನ್ ಇದ್ದರೆ ಅರ್ಥ್‌ಗೆ ದಾರಿ ಇದೆ. ಆದರೂ ಜುಮ್ಮೆಂದರೆ ನಡುವೆ ಯಾರೋ ಅರ್ಥ್ ತುಂಡರಿಸಿದ್ದಾರೆ: ಎರಡು ಪಿನ್ನಿನ ಕನ್ವರ್ಟರ್, ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸ್, ಇಲ್ಲವೇ ಗೋಡೆಯ ಸಾಕೆಟ್ಟಿನ ಹಿಂದೆ ಹಸಿರು ವೈರ್ ಕೂಡಿಸದೆ ಬಿಟ್ಟಿರುವುದು. ನಿಮ್ಮ ಕಡೆಯ ಹಳೆ ಮನೆಗಳಲ್ಲಿ ಮೂರನೆಯದು ಅಪರೂಪವಲ್ಲ. ಸಾಕೆಟ್ಟಿಗೆ ಮೂರು ತೂತಿದ್ದಮಾತ್ರಕ್ಕೆ ಮೇಲಿನ ದೊಡ್ಡ ತೂತಿನಲ್ಲಿ ಏನಾದರೂ ಇದೆ ಅಂತ ನಂಬಬೇಡಿ.

ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರಿನಲ್ಲಿ ಮೂರು ಅಳತೆ ತೆಗೆಸಿ. ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ಥ್ ಕೂಡ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟಿನೊಳಗೆ. ಫೇಸ್–ಅರ್ಥ್ ನಡುವೆ 60, 90, 110 ಅಂತ ಕುಣಿದರೆ ಅರ್ಥ್ ಎಲ್ಲೂ ತಲುಪಿಲ್ಲ. ವೈರ್ ಸರಿಯಿದ್ದೂ ಹೀಗಾದರೆ ಅಂಗಳದ ಅರ್ಥ್ ಗುಂಡಿ ಒಣಗಿರಬಹುದು, ಸುತ್ತ ಕಾಂಕ್ರೀಟ್ ಹಾಕಿಸಿದ ಮನೆಗಳಲ್ಲಿ ಅದಕ್ಕೆ ನೀರೇ ಕಾಣುವುದಿಲ್ಲ. ‘ನ್ಯೂಟ್ರಲ್ಲನ್ನೇ ಅರ್ಥ್‌ಗೆ ಸೇರಿಸಿಬಿಡ್ತೀನಿ, ಸರಿಹೋಗುತ್ತೆ’ ಎಂದು ಎಲೆಕ್ಟ್ರಿಷಿಯನ್ ಅಂದರೆ ಬೇಡ ಅನ್ನಿ. ಎಲ್ಲೋ ನ್ಯೂಟ್ರಲ್ ಕಡಿದ ದಿನ ಗೀಸರ್, ಫ್ರಿಜ್ಜಿನ ಮೈಯೆಲ್ಲ 230 ವೋಲ್ಟ್ ಆಗುತ್ತದೆ. ಅಂದಹಾಗೆ ಅರ್ಥ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಕೂಡ ಅರೆಬರೆ ಕೆಲಸವನ್ನಷ್ಟೇ ಮಾಡುತ್ತದೆ.

ಕಿಂಡಿಯಲ್ಲಿ ಎರಡೇ ಪಿನ್ ಇದ್ದರೆ ಜುಮ್ಮೆನ್ನುವುದು ಅದರ ಸ್ವಭಾವ. ಅದೇ ಕಂಪನಿಯ, ಅದೇ ವ್ಯಾಟಿನ ಮೂರು ಪಿನ್ ಅಡಾಪ್ಟರ್ ಸಿಕ್ಕರೆ ಕೊಳ್ಳಿ. ಸರಿಯಾದ ಅರ್ಥ್ ಇರುವ ಆಫೀಸಿನಲ್ಲಿ ಮೂರು ಪಿನ್ ಅಡಾಪ್ಟರಿನಿಂದ ಪರೀಕ್ಷಿಸಿ. ಅಲ್ಲೂ ಜುಮ್ ಅಂದರೆ, ಇಲ್ಲವೇ ಎಲ್ಲೇ ಆಗಲಿ ಜುಮ್ಮೆನ್ನುವುದರ ಬದಲು ಕೈ ಹಿಂದೆಗೆಯುವಂತೆ ಹೊಡೆದರೆ, ಅವತ್ತೇ ಬದಲಾವಣೆಗೆ ಕೊಡಿ.

ಪ್ರಶ್ನೆ: ರಾತ್ರಿ ಲೈಟ್ ಆರಿಸಿ ಸಿನಿಮಾ ಹಾಕಿದರೆ ಸ್ಕ್ರೀನಿನ ಮೂಲೆಯಲ್ಲಿ ಬೆಳ್ಳಗೆ ಮಬ್ಬು. ಫೋನಿನಲ್ಲಿ ಫೋಟೊ ತೆಗೆದರೆ ಇನ್ನೂ ಘೋರ.
— ಓದುಗರು, ಜೆ.ಪಿ. ನಗರ

ಉತ್ತರ: ಫೋನಿನ ಫೋಟೊ ಬಿಡಿ, ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚಿಸಿಕೊಳ್ಳುತ್ತದೆ. ಕಪ್ಪು ಚಿತ್ರ ಪೂರ್ತಿ ಪರದೆಗೆ ಹಾಕಿ, ಬ್ರೈಟ್‌ನೆಸ್ ಅರ್ಧಕ್ಕಿಟ್ಟು, ಕೈಯಳತೆ ದೂರದಲ್ಲಿ ಕೂತು ತಲೆ ಆಚೀಚೆ ಆಡಿಸಿ. ಮಬ್ಬು ನಿಮ್ಮ ಜತೆ ಜರುಗಿದರೆ ಅದು ಐಪಿಎಸ್ ಎಂಬ ಬಗೆಯ ಪ್ಯಾನೆಲ್ಲಿನ ಗುಣ, ಬದಲಾಯಿಸಿದರೆ ಬರುವ ಇನ್ನೊಂದರಲ್ಲೂ ಇರುತ್ತದೆ. ಇದ್ದಲ್ಲೇ ಇದ್ದು ಅಂಚಿನಿಂದ ಟಾರ್ಚ್ ಬಿಟ್ಟ ಹಾಗಿದ್ದರೆ ಬೆಳಕು ಸೋರುತ್ತಿದೆ, ವಾಪಸ್ ಕೊಡಬಹುದು. ಕೆಂಪು, ಹಸಿರು, ನೀಲಿ, ಬಿಳಿ ಪರದೆಗಳನ್ನೂ ಒಂದೊಂದಾಗಿ ಹಾಕಿ ಚುಕ್ಕೆ ಹುಡುಕಿ. ವಾರಂಟಿಯಲ್ಲಿ ಒಂದೆರಡು ಸತ್ತ ಪಿಕ್ಸೆಲ್‌ಗಳನ್ನು ದೋಷವೆಂದು ಒಪ್ಪದ ಕಂಪನಿಗಳೇ ಹೆಚ್ಚು. ಹಾಗಾಗಿ ಮಾರಾಟಗಾರರ ಬದಲಾವಣೆಯ ಅವಧಿಯಲ್ಲೇ ಕೇಳಬೇಕು.

ಪ್ರಶ್ನೆ: ಹಳೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಿಂದ ಟೈಪಿಸಿದ ಕನ್ನಡ ಫೈಲುಗಳನ್ನು ಹೊಸದಕ್ಕೆ ಹಾಕಿದರೆ ಎಲ್ಲ ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರ.
— ನಿವೃತ್ತ ಶಿಕ್ಷಕರು, ಮಲ್ಲೇಶ್ವರಂ

ಉತ್ತರ: ಫೈಲ್ ಕೆಟ್ಟಿಲ್ಲ ಮೇಷ್ಟ್ರೇ. ಆ ಕಾಲದಲ್ಲಿ ಟೈಪಿಸಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಹಳೆಯ ನುಡಿ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ನುಡಿಯ ಈಗಿನ ಆವೃತ್ತಿ ಹಾಕಿಕೊಂಡು ಅದರ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ. ಒಂದು ಪುಟ ಮಾಡಿ ಅರ್ಕಾವತ್ತು, ಒತ್ತಕ್ಷರ ಓದಿನೋಡಿ, ತಪ್ಪು ಬಂದರೆ ಬರುವುದು ಅಲ್ಲೇ. ಇಂಗ್ಲಿಷಿನ ಪದ, ಅಂಕಿ ಬೆರೆತ ಸಾಲುಗಳಲ್ಲಿ ಇಂಗ್ಲಿಷೂ ಕನ್ನಡವಾಗಿ ಕಲಸಿಹೋಗುತ್ತದೆ, ಅದನ್ನು ಕೈಯಲ್ಲೇ ತಿದ್ದಬೇಕು. ಹಳೆಯ ಕಂಪ್ಯೂಟರನ್ನು ಅಲ್ಲಿಯವರೆಗೆ ಗುಜರಿಗೆ ಹಾಕಬೇಡಿ.