ವಿಂಡೋಸ್ 11 ಹಾಕಿದ ಮೇಲೆ ಬಿಲ್ಲೂ ಇಲ್ಲ, ನುಡಿಯೂ ಇಲ್ಲ. ಫಾರ್ಮ್ಯಾಟ್ ಹೊಡೆಸಲಾ?

ನಮಸ್ಕಾರ. ಫಾರ್ಮ್ಯಾಟ್ ಹೊಡೆಸಬೇಡಿ. ಉಳಿದದ್ದು ಆಮೇಲೆ.

ನೀವು ಬರೆದದ್ದು ಇಷ್ಟು. ಪುಣೆಯಲ್ಲಿ ಸಣ್ಣ ಪ್ರಿಂಟಿಂಗ್ ಅಂಗಡಿ, ಕನ್ನಡದವರ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಎಲ್ಲ ಮಾಡಿಕೊಡುತ್ತೀರಿ. ಶನಿವಾರ ವಿಂಡೋಸ್ 10ರ ಮೇಲೆ 11 ಹಾಕಿದಿರಿ. ಸೋಮವಾರ ಅಂಗಡಿ ತೆರೆದರೆ ಥರ್ಮಲ್ ಪ್ರಿಂಟರ್ ಬಿಲ್ ಕೊಡುತ್ತಿಲ್ಲ, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮಾಡಿಟ್ಟ ಹಳೇ ಫೈಲುಗಳೆಲ್ಲ ಗೀಚಿದ ಹಾಗೆ ಕಾಣುತ್ತಿವೆ, ಲೆಕ್ಕದ ಸಾಫ್ಟ್‌ವೇರ್ ಒಮ್ಮೆ ತೆರೆಯುತ್ತದೆ, ಒಮ್ಮೆ ಇಲ್ಲ. ಪಕ್ಕದಂಗಡಿಯವರು 'ಪೂರಾ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಸಿ' ಅಂದಿದ್ದಾರೆ.

ನಾನಿರುವುದು ಡೊಂಬಿವಲಿಯಲ್ಲಿ. ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಕೆಲಸ ಕಲಿತು, ಈಗ ಹದಿನಾರು ವರ್ಷದಿಂದ ಮುಂಬಯಿಯ ಹೋಟೆಲು, ಕ್ಲಿನಿಕ್ಕು, ಪ್ರೆಸ್ಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೇನೆ. ಬಹುಪಾಲು ಊರಿನವರೇ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಆಗಿನಿಂದ ನನಗೆ ಬರುವ ಫೋನುಗಳಲ್ಲಿ ಅರ್ಧ ನಿಮ್ಮ ಪ್ರಶ್ನೆಯೇ.

ಮೊದಲು ದಿನ ಲೆಕ್ಕ ಹಾಕಿ. ಹಳೇ ವಿಂಡೋಸ್ ಮೇಲೆಯೇ ಹೊಸದು ಹಾಕಿದ್ದರೆ ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಅಂತ ಒಂದು ಫೋಲ್ಡರ್ ಇರುತ್ತದೆ. ನಿಮ್ಮ ಹಳೇ ಸಿಸ್ಟಂ ಪೂರ್ತಿ ಅದರೊಳಗೆ ಕಟ್ಟಿಟ್ಟಿದೆ. ಹತ್ತು ದಿನದೊಳಗಾದರೆ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಗೋ ಬ್ಯಾಕ್ ಅಂತ ಒತ್ತಿ 10ಕ್ಕೆ ವಾಪಸ್ ಹೋಗಬಹುದು. ಹತ್ತು ದಾಟಿದರೆ ಆ ಬಾಗಿಲು ಮುಚ್ಚಿತು. 'ಜಾಗ ಇಲ್ಲ' ಅಂತ ಡಿಸ್ಕ್ ಕ್ಲೀನಪ್ ಮಾಡಿ ಆ ಫೋಲ್ಡರ್ ಅಳಿಸಿದರೆ ಇವತ್ತೇ ಮುಚ್ಚಿತು. ಫಾರ್ಮ್ಯಾಟ್ ಹೊಡೆಸಿದರಂತೂ ಬಾಗಿಲಿದ್ದ ಗೋಡೆಯೇ ಇಲ್ಲ. ಬೇಡ ಅಂದದ್ದು ಇದಕ್ಕೇ.

ಇಷ್ಟಕ್ಕೂ ನಿಮ್ಮ ಸಾಫ್ಟ್‌ವೇರ್ ಕೆಟ್ಟಿಲ್ಲ. ಮುಂಬಯಿಯಲ್ಲಿ ಹಳೇ ಚಾಳು ಕೆಡವಿ ಟವರ್ ಕಟ್ಟುತ್ತಾರಲ್ಲ, ಹಾಗೆ ಇದು. ಚಾಳಿನಲ್ಲಿ ಒಬ್ಬರು ಮೂವತ್ತು ವರ್ಷದಿಂದ ಮನೆ ಮುಂದಿನ ವರಾಂಡದಲ್ಲಿ ಮಂಚ ಹಾಕಿ ಮಲಗುತ್ತಿದ್ದರು. ನಕಾಶೆಯಲ್ಲಿ ಆ ಜಾಗ ಅವರದಲ್ಲವೇ ಅಲ್ಲ, ಆದರೆ ಯಾರೂ ಕೇಳಲಿಲ್ಲ. ಟವರಿಗೆ ಹೋದ ಮೇಲೆ ವರಾಂಡ ಎಲ್ಲಿ? ಹಳೇ ಪ್ರೋಗ್ರಾಂಗಳೂ ಸಿಸ್ಟಂ ಕೊಟ್ಟ ಜಾಗದ ಆಚೆ ಎಲ್ಲೋ ಕಾಲು ಚಾಚಿಕೊಂಡಿರುತ್ತವೆ. ಸಿಮ್‌ಸಿಟಿ ಆಟದ ಕಥೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. ತಾನೇ ಬಿಟ್ಟುಕೊಟ್ಟ ಮೆಮೊರಿಯನ್ನು ಅದು ಮರುಕ್ಷಣವೇ ಓದುತ್ತಿತ್ತು. ಹಳೇ ವಿಂಡೋಸ್‌ನಲ್ಲಿ ನಡೆಯಿತು, ವಿಂಡೋಸ್ 95ರಲ್ಲಿ ಬಿತ್ತು. ಆಗ ಮೈಕ್ರೋಸಾಫ್ಟ್‌ನವರೇ, ಓಡುತ್ತಿರುವುದು ಸಿಮ್‌ಸಿಟಿ ಅಂತ ಗುರುತಿಸಿ ಅದಕ್ಕೆ ಬೇರೆ ರೀತಿ ಮೆಮೊರಿ ಕೊಡುವ ಕೋಡ್ ಸೇರಿಸಿದರು. ಒಂದು ಆಟಕ್ಕೋಸ್ಕರ! ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಅಷ್ಟು ಮರ್ಯಾದೆ ಸಿಗುವುದಿಲ್ಲ.

ಈಗ ಪ್ರಿಂಟರ್. ಇದು ಸುಲಭದ್ದು, ಆದರೆ ಜಾಸ್ತಿ ಗಾಬರಿ ಮಾಡಿಸುವುದೂ ಇದೇ. ಮಾಟುಂಗಾ ಕಡೆಯ ಒಂದು ಉಡುಪಿ ಹೋಟೆಲಿನಿಂದ ಬೆಳಿಗ್ಗೆ ಏಳೂವರೆಗೆ ಫೋನ್. 'ಮಾರಾಯಾ, ಪ್ರಿಂಟರ್ ಸತ್ತಿದೆ, ಬರುವಾಗ ಹೊಸದು ತಕೊಂಡು ಬಾ.' ಹೋಗಿ ನೋಡಿದರೆ ಕೌಂಟರಿನ ಮುಂದೆ ಜನವೋ ಜನ. ಯಜಮಾನರು ಹಳೇ ಬಿಲ್ ಪುಸ್ತಕದಲ್ಲಿ ಕೈಯಲ್ಲೇ ಬರೆಯುತ್ತಿದ್ದಾರೆ. ಕಂಪ್ಯೂಟರ್ ಮುಂದೆ ಕೂತ ಹುಡುಗ ಮಾತ್ರ ಏನೋ ಟೈಪ್ ಮಾಡುತ್ತಲೇ ಇದ್ದ. 'ಏನು ಮಾಡ್ತಾ ಇದ್ದಿ?' ಅಂದೆ. 'ಅಣ್ಣಾ, ಇದು ಪ್ರತೀ ಬಿಲ್ಲಿಗೂ ಹೆಸರು ಕೇಳ್ತದೆ. ಕೊಡದಿದ್ರೆ ಮುಂದೆ ಹೋಗೋದಿಲ್ಲ.' ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆದೆ. 'ಇಡ್ಲಿ', 'ಇಡ್ಲಿ2', 'ಇಡ್ಲಿ3', 'ಕಾಫಿ', 'ಬಿಳಿ ಶರ್ಟ್' ಅಂತ ನಲವತ್ತೊಂದು ಪಿಡಿಎಫ್! ಅಷ್ಟೂ ಗಿರಾಕಿಗಳ ಬಿಲ್ಲು ಅಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

ಆದದ್ದು ಇಷ್ಟೇ. ವಿಂಡೋಸ್ ತಾನೇ ಡಿಫಾಲ್ಟ್ ಪ್ರಿಂಟರ್ (ಬೇರೆ ಹೇಳದಿದ್ದರೆ ಪ್ರಿಂಟ್ ಹೋಗುವ ಪ್ರಿಂಟರ್) ಆರಿಸುವ ಒಂದು ಸೆಟ್ಟಿಂಗ್ ಇದೆ. ಕೊನೆಗೆ ಯಾವುದಕ್ಕೆ ಪ್ರಿಂಟ್ ಕೊಟ್ಟಿರೋ ಅದನ್ನೇ ಡಿಫಾಲ್ಟ್ ಮಾಡುತ್ತದೆ. ಯಾರೋ ಒಮ್ಮೆ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಒತ್ತಿದ್ದರು. ಬಿಲ್ಲಿಂಗ್ ಸಾಫ್ಟ್‌ವೇರಿಗೆ ಇದ್ಯಾವುದೂ ಗೊತ್ತಿಲ್ಲ, ಡಿಫಾಲ್ಟ್ ಯಾವುದೋ ಅಲ್ಲಿಗೆ ಕಳಿಸುತ್ತದೆ. ಹೆಸರು ಕೇಳುವ ಕಿಟಕಿ ಕೆಲವು ಸಲ ಬಿಲ್ಲಿಂಗ್ ಕಿಟಕಿಯ ಹಿಂದೆ ಅಡಗಿರುತ್ತದೆ. ಆಗ ಸ್ಕ್ರೀನ್ ಹ್ಯಾಂಗ್ ಆದ ಹಾಗೆ ಕಾಣುತ್ತದೆ. ನೀವು ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್ ತೆರೆದು ಆ ಸೆಟ್ಟಿಂಗ್ ಆಫ್ ಮಾಡಿ, ಥರ್ಮಲ್ ಪ್ರಿಂಟರನ್ನು ಡಿಫಾಲ್ಟ್ ಮಾಡಿ. ಒಂದೇ ಪ್ರಿಂಟರ್ ಎರಡು ಸಲ ಕಂಡು, ಒಂದರ ಮುಂದೆ 'ಕಾಪಿ 1' ಅಂತ ಇದ್ದರೆ ಎರಡಕ್ಕೂ ಟೆಸ್ಟ್ ಪ್ರಿಂಟ್ ಕೊಡಿ. ಕಾಗದ ಯಾವುದರಿಂದ ಬಂತೋ ಅದನ್ನು ಇಟ್ಟುಕೊಳ್ಳಿ.

ಎರಡನೆಯದು ನುಡಿ. ನಿಮ್ಮ ಜೀವ ಹೋಗುತ್ತಿರುವುದು ಇದಕ್ಕೇ ಅಂತ ಗೊತ್ತು. ಹತ್ತು ವರ್ಷದ ಲಗ್ನಪತ್ರಿಕೆಗಳು ಅಲ್ವಾ?

ಫೈಲ್ ಹಾಳಾಗಿಲ್ಲ. ಹಳೇ ನುಡಿ ಅಥವಾ ಅದರಂಥದ್ದೇ 'ಬರಹ' ಸಾಫ್ಟ್‌ವೇರಿನ ಫೈಲಿನಲ್ಲಿ ನಿಜಕ್ಕೂ ಕನ್ನಡ ಇರುವುದೇ ಇಲ್ಲ. ಇರುವುದು ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೆರೆ ಚುಕ್ಕಿ ಇರುವ ಯುರೋಪಿನ ಅಕ್ಷರಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಕಾಣೆಯಾದರೆ ವೇಷ ಕಳಚುತ್ತದೆ, ಅಷ್ಟೇ. ಹಾಗಾಗಿ ಫಾಂಟ್ ವಾಪಸ್ ಬಂದರೆ ಪತ್ರಿಕೆಯೂ ಬರುತ್ತದೆ. ಸಿಡಿ ಎಲ್ಲಿಟ್ಟಿರೋ ಅಂತ ಮನೆ ಜಾಲಾಡಬೇಡಿ. ವಿಂಡೋಸ್ ಡಾಟ್ ಓಲ್ಡ್ ಒಳಗೆ ವಿಂಡೋಸ್, ಅದರೊಳಗೆ ಫಾಂಟ್ಸ್ ಫೋಲ್ಡರ್ ನೋಡಿ. ಹಳೇ ಫಾಂಟುಗಳು ಅಲ್ಲೇ ಇರುತ್ತವೆ. ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ಫಾಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಿ. ಸುಮ್ನೆ 'ಇನ್‌ಸ್ಟಾಲ್' ಕೊಟ್ಟರೆ ಅದು ನಿಮ್ಮೊಬ್ಬರ ಖಾತೆಗೆ ಮಾತ್ರ ಸೇರುತ್ತದೆ. ಕೆಲವು ಹಳೇ ಪ್ರೋಗ್ರಾಂಗಳಿಗೆ ಅದು ಕಾಣುವುದೇ ಇಲ್ಲ.

ಫಾಂಟ್ ಬರುವ ತನಕ ಆ ಫೈಲುಗಳನ್ನು ವರ್ಡ್‌ನಲ್ಲಿ ತೆರೆದು ಏನೂ ತಿದ್ದಬೇಡಿ, ಸೇವ್ ಮಾಡಬೇಡಿ. ನೀವು ತಿದ್ದುವಾಗ ವರ್ಡ್ ಅದನ್ನು ಇಂಗ್ಲಿಷ್ ಅಂದುಕೊಂಡು ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡಿಬಿಡುತ್ತದೆ. ಸಣ್ಣ ಅಕ್ಷರ ದೊಡ್ಡದಾದರೆ ಈ ಫಾಂಟುಗಳಲ್ಲಿ ಅದು ಬೇರೆಯೇ ಕನ್ನಡ ಅಕ್ಷರ. ವರನ ಹೆಸರೇ ಬದಲಾದರೆ ಹುಡುಗಿ ಕಡೆಯವರಿಗೆ ಉತ್ತರ ಹೇಳುವವರು ಯಾರು?

'ಯೂನಿಕೋಡಿಗೆ (ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ, ವೇಷ ಬೇಡದ ಪದ್ಧತಿ) ಬನ್ನಿ' ಅಂತ ಇಲ್ಲಿ ಹತ್ತು ಜನ ಬರೆಯುತ್ತಾರೆ. ಮಾತು ಸರಿ. ಆದರೆ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ತೋರಿಸುವುದಿಲ್ಲ. ನಿಮ್ಮಂಥ ಅಂಗಡಿಗಳು ಇನ್ನೂ ಅದರಲ್ಲೇ ಇರುತ್ತವೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಹಳೆಯದನ್ನು ಕನ್ವರ್ಟರಿಗೆ ಹಾಕಿದರೂ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವುತ್ತವೆ, ಒಂದೊಂದನ್ನೂ ಓದಿ ತಿದ್ದಬೇಕು. ನನ್ನ ಕೇಳಿದರೆ, ಹಳೆಯವನ್ನು ಹಾಗೇ ಬಿಡಿ. ಹೊಸ ಕೆಲಸವನ್ನು ನಿಧಾನಕ್ಕೆ ಇನ್‌ಡಿಸೈನ್‌ನಂಥದ್ದಕ್ಕೆ, ಯೂನಿಕೋಡಿಗೆ ತನ್ನಿ. ಕನ್ನಡ ಟೈಪಿಂಗಿಗೆ ವಿಂಡೋಸ್‌ನಲ್ಲೇ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಇದೆ, 2019ರಿಂದ ಫೊನೆಟಿಕ್ (ಇಂಗ್ಲಿಷ್ ಅಕ್ಷರದ ಉಚ್ಚಾರದಂತೆ ಕನ್ನಡ ಒತ್ತುವುದು) ಕೂಡ ಇದೆ. ನುಡಿಯಲ್ಲಿರುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸಕ್ಕೆ ಪಳಗಿದ ಬೆರಳಿಗೆ ಮಾತ್ರ ಎರಡೂ ಹಿಡಿಸುವುದಿಲ್ಲ. ಅದು ನನ್ನ ಅನುಭವ.

ಲೆಕ್ಕದ ಸಾಫ್ಟ್‌ವೇರಿಗೆ ಬರುತ್ತೇನೆ. ನೀವು ಬರೆದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. 'ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟರೆ ತೆರೆಯುತ್ತದೆ, ಆದರೆ 2019ರವರೆಗಿನ ಬಿಲ್ ಮಾತ್ರ ಇದೆ, ಆಮೇಲಿನದ್ದೆಲ್ಲ ಅಳಿಸಿಹೋಗಿದೆ.'

ಅಳಿಸಿಹೋಗಿಲ್ಲ. ಹಳೇ ಪ್ರೋಗ್ರಾಂಗಳು ತಮ್ಮ ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಬರೆಯುತ್ತಿದ್ದವು. ವಿಸ್ಟಾ ಕಾಲದಿಂದ ವಿಂಡೋಸ್ ಅಲ್ಲಿ ಬರೆಯಲು ಬಿಡುವುದಿಲ್ಲ. ಬೇಡ ಅಂದರೆ ಪ್ರೋಗ್ರಾಂ ಬೀಳುತ್ತದೆ ಅಂತ, ಗುಟ್ಟಾಗಿ ನಿಮ್ಮ ಖಾತೆಯೊಳಗೆ 'ವರ್ಚುವಲ್ ಸ್ಟೋರ್' ಅನ್ನುವ ಫೋಲ್ಡರಿನಲ್ಲಿ ಬರೆಸುತ್ತದೆ. ಪ್ರೋಗ್ರಾಂಗೆ ಇದರ ಸುಳಿವೂ ಇರುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಮೇಲಿನ ಅಧಿಕಾರ ಕೊಟ್ಟು ತೆರೆದರೆ ಈ ಏರ್ಪಾಡು ಇಲ್ಲ, ನೇರ ಮೂಲ ಫೋಲ್ಡರಿಗೇ ಹೋಗುತ್ತದೆ. ಅಲ್ಲಿ ಯಾವುದೋ ಕಾಲದ ಡೇಟಾ ಕೂತಿರುತ್ತದೆ. ಹಾಗಾಗಿ ಯೂಸರ್ಸ್‌ನಲ್ಲಿ ನಿಮ್ಮ ಹೆಸರು, ಆಪ್‌ಡೇಟಾ, ಲೋಕಲ್, ವರ್ಚುವಲ್ ಸ್ಟೋರ್ ನೋಡಿ. ಆಪ್‌ಡೇಟಾ ಅಡಗಿರುತ್ತದೆ, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ಸಿಕ್ಕರೆ ಆ ಫೋಲ್ಡರನ್ನು ಎರಡು ಕಡೆ ಕಾಪಿ ಮಾಡಿ, ಆಮೇಲೆ ಮುಂದಿನ ಕೆಲಸ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೊಸ ಬಿಲ್ ಒಂದನ್ನೂ ಹಾಕಬೇಡಿ, ಎರಡು ಕಡೆ ಲೆಕ್ಕ ಆಗಿಬಿಡುತ್ತದೆ.

ಆ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಬಟನ್ ಬಗ್ಗೆ ಇನ್ನೊಂದು ದೂರು. ಪೇಜ್‌ಮೇಕರನ್ನೂ ಹೀಗೆ ಅಡ್ಮಿನಿಸ್ಟ್ರೇಟರ್ ಮಾಡಿ ತೆರೆಯುತ್ತಾರೆ, ಆಮೇಲೆ 'ನುಡಿ ಆನ್ ಇದೆ, ಇಲ್ಲಿ ಮಾತ್ರ ಕನ್ನಡ ಬರುತ್ತಿಲ್ಲ' ಅಂತ ಫೋನ್ ಮಾಡುತ್ತಾರೆ. ಮಾಮೂಲಿ ಅಧಿಕಾರದಲ್ಲಿ ಓಡುವ ಟೈಪಿಂಗ್ ಪ್ರೋಗ್ರಾಂ, ಮೇಲಿನ ಅಧಿಕಾರದ ಕಿಟಕಿಯೊಳಗೆ ಕೀಲಿ ಒತ್ತಲು ವಿಂಡೋಸ್ ಬಿಡುವುದಿಲ್ಲ. ಸುರಕ್ಷತೆಗೆ ಒಳ್ಳೆಯದೇ, ನಮಗೆ ತಲೆನೋವು.

ಅದರ ಬದಲು ಪ್ರೋಗ್ರಾಂ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿಗೆ ಹೋಗಿ ವಿಂಡೋಸ್ 7 ಆರಿಸಿ. ಆಗ ವಿಂಡೋಸ್ ಆ ಪ್ರೋಗ್ರಾಂ ಹತ್ತಿರ 'ನಾನು 7' ಅಂತ ಸುಳ್ಳು ಹೇಳುತ್ತದೆ. ಸುಮಾರು ಸಲ ಅಷ್ಟು ಸಾಕು. ಡಾಟ್‌ನೆಟ್ 3.5 (ಹಳೇ ಪ್ರೋಗ್ರಾಂಗಳಿಗೆ ಬೇಕಾಗುವ ಮೈಕ್ರೋಸಾಫ್ಟ್‌ನದೇ ಭಾಗ) ಬೇಕು ಅಂತ ಕೇಳಿದರೆ ಹಾಕಿಕೊಳ್ಳಿ, ಅಪಾಯವಿಲ್ಲ. ಲೈಸೆನ್ಸಿಗೆ ಯುಎಸ್‌ಬಿ ಡಾಂಗಲ್ (ಬೀಗದ ಕೈಯಂತೆ ಚುಚ್ಚಿಡುವ ಸಣ್ಣ ಕಡ್ಡಿ) ಇದ್ದು 'ಡ್ರೈವರ್ ಲೋಡ್ ಆಗುತ್ತಿಲ್ಲ' ಅಂತ ಬಂದರೆ, ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ನಿನಲ್ಲಿರುವ ಮೆಮೊರಿ ಇಂಟೆಗ್ರಿಟಿ ಅನ್ನುವ ಕಾವಲು ಹಳೇ ಡ್ರೈವರನ್ನು ತಡೆಯುತ್ತಿರಬಹುದು. ಅದನ್ನು ಆಫ್ ಮಾಡುವ ಮೊದಲು ಡಾಂಗಲ್‌ನವರ ಹೊಸ ಡ್ರೈವರ್ ಸಿಗುತ್ತದಾ ನೋಡಿ. 'ದಿಸ್ ಆಪ್ ಕಾಂಟ್ ರನ್ ಆನ್ ಯುವರ್ ಪಿಸಿ' ಅಂತ ನೇರವಾಗಿ ಬರುವುದು ಹೆಚ್ಚಾಗಿ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗೆ. ಅಂಥದ್ದು ಓಡುವುದು 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಹಾಗಾಗಿ ಅದು ಓಡುವುದಿಲ್ಲ, ಯಾವ ಬಟನ್ ಒತ್ತಿದರೂ ಇಲ್ಲ. ನಿಮ್ಮದು ಒಮ್ಮೆಯಾದರೂ ತೆರೆದಿದೆ, ಅಂದರೆ ಆ ಜಾತಿಯದ್ದಲ್ಲ.

ವಾಪಸ್ 10ಕ್ಕೆ ಹೋಗಬೇಕಾ? ಪ್ರಿಂಟರ್ ಮತ್ತು ನುಡಿಗೋಸ್ಕರ ಬೇಡ, ಅವೆರಡೂ ಒಂದು ಸಂಜೆಯ ಕೆಲಸ. ಲೆಕ್ಕದ ಸಾಫ್ಟ್‌ವೇರ್ ಏನು ಮಾಡಿದರೂ ಏಳದಿದ್ದರೆ ಮಾತ್ರ ಎಂಟನೇ ದಿನದೊಳಗೆ ವಾಪಸ್ ಹೋಗಿ. ಹೋಗುವ ಮೊದಲು ವರ್ಚುವಲ್ ಸ್ಟೋರಿನ ಕಾಪಿ ಪೆನ್‌ಡ್ರೈವಿನಲ್ಲಿ ಇದೆಯಾ ಅಂತ ಇನ್ನೊಂದು ಸಲ ನೋಡಿಕೊಳ್ಳಿ. 10ಕ್ಕೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗೆ ನೋಂದಾಯಿಸಿಕೊಂಡರೂ ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ ಹೇಳಿದ ಗಡುವು 2026ರ ಅಕ್ಟೋಬರ್ 13. ಆ ಅವಧಿಯಲ್ಲಿ ಸಾಫ್ಟ್‌ವೇರ್ ಮಾಡಿಕೊಟ್ಟವರ ಬೆನ್ನು ಹತ್ತಿ.

ಇವತ್ತು ರಾತ್ರಿ ಅಂಗಡಿ ಮುಚ್ಚುವ ಮೊದಲು ಫಾಂಟ್ಸ್ ಫೋಲ್ಡರ್ ಮತ್ತು ವರ್ಚುವಲ್ ಸ್ಟೋರ್ ಎರಡನ್ನೂ ಪೆನ್‌ಡ್ರೈವಿಗೆ ಹಾಕಿ. ವರ್ಚುವಲ್ ಸ್ಟೋರಿನಲ್ಲಿ ಕೊನೆಯ ಫೈಲಿನ ತಾರೀಕು ಎಷ್ಟಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ. ಕಳೆದ ಶನಿವಾರದ್ದು ಅಂತ ಇದ್ದರೆ ನಿಮ್ಮ ಲೆಕ್ಕ ಪೂರ್ತಿ ಸಿಕ್ಕ ಹಾಗೆ.